ಹಿತ್ತಾಳೆ ಕಿವಿ

ನಮ್ಮೂರಿನ ಮೇಲೆ ಹಾದುಹೋಗುತ್ತಿದ್ದ ಒಂದು ಮಿಂಚನ್ನು ಕೈಯೆತ್ತಿ ನಿಲ್ಲಿಸಿ, ಅದರ ಅರ್ಧ ಕರೆಂಟನ್ನು ಹುಣಸೆಬೀಜದಷ್ಟು ಚಿಕ್ಕ ಸೆಲ್ಲಿಗೆ ತುಂಬಿಕೊಂಡು, ಉಳಿದರ್ಧವನ್ನು ಮರ್ಯಾದೆಯಿಂದ ವಾಪಸು ಕೊಟ್ಟು ಕಳಿಸಿದವನು ನಾನು. ಹೋಗುವಾಗ ಮಿಂಚು ಒಮ್ಮೆ ತಿರುಗಿ ನೋಡಿತು. ಗುಡುಗಂತೂ ಅವತ್ತು ಬರಲೇ ಇಲ್ಲ; ಅರ್ಧ ಮಿಂಚಿಗೆಲ್ಲ ಯಾರು ಗುಡುಗುತ್ತಾರೆ ಎಂದು ಸುಮ್ಮನಾಯಿತಂತೆ. ನಂಬದಿದ್ದರೆ ಬಿಡಿ. ನನ್ನ ಹೆತ್ತವರು ನನಗೆ ಮೂಗಪ್ಪ ಎಂದು ಹೆಸರಿಟ್ಟಿದ್ದಾರೆ ಎಂಬುದನ್ನೇ ಹೊರಗಿನವರು ಯಾರೂ ನಂಬುವುದಿಲ್ಲ.

ನಮ್ಮೂರಲ್ಲಿ ಗೇಣು ಮೀರಿದ ತಂತಿ ನಿಲ್ಲುವುದಿಲ್ಲ. ಎಷ್ಟೇ ಗಟ್ಟಿ ತಂತಿ ತನ್ನಿ, ಊರ ಬಾಗಿಲು ದಾಟಿ ನಾಲ್ಕು ಹೆಜ್ಜೆ ಇಡುವುದರೊಳಗೆ ಅದು ಮಲಗಿದ ಬೆಕ್ಕಿನ ಹಾಗೆ ಸುತ್ತಿಕೊಂಡು ಉಂಡೆಯಾಗುತ್ತದೆ. ಬಿಡಿಸಲು ಹೋದರೆ ಬೆರಳು ಹಿಡಿದುಕೊಳ್ಳುತ್ತದೆ. ಹಾಗಾಗಿ ನಾವು ಬಟ್ಟೆ ಒಣಹಾಕುವುದು ತೆಂಗಿನ ನಾರಿನ ಹಗ್ಗದ ಮೇಲೆ. ನಮ್ಮ ಸೈಕಲ್ಲುಗಳಿಗೆ ಸರಳಿನ ಬ್ರೇಕು. ವೀಣೆ ಕಲಿತ ಹುಡುಗಿಯೊಬ್ಬಳು ಹೊರಗಿನಿಂದ ಇಲ್ಲಿಗೆ ಸೊಸೆಯಾಗಿ ಬಂದಳು. ಬಂದ ದಿನವೇ ವೀಣೆಯ ಏಳೂ ತಂತಿ ಕಳಚಿ ಏಳು ಬಸವನಹುಳುಗಳ ಹಾಗೆ ಬುರುಡೆಯ ಮೇಲೆ ಕುಳಿತವು. ಅವಳು ಒಂದು ತಿಂಗಳು ಅತ್ತಳು, ಆಮೇಲೆ ಘಟ ಕಲಿತಳು. ಈಗ ಅವಳ ಘಟ ಕೇಳಲು ಸುತ್ತಲಿನ ಮೂವತ್ತೆಂಟು ಊರಿನವರು ಬರುತ್ತಾರೆ. ಮೂವತ್ತೆಂಟು ಎಂದರೆ ಮೂರು ಎಂದು ಇಟ್ಟುಕೊಳ್ಳಿ.

ತಂತಿಯಿಲ್ಲದ ಊರಿಗೆ ಕರೆಂಟು ಗಾಳಿಯಲ್ಲಿ ಬರುತ್ತದೆ. ಊರ ನಡುವಿನ ಗುಡ್ಡದ ಮೇಲೊಂದು ಕಂಬವಿದೆ. ರೇಡಿಯೋ ಕೇಂದ್ರ ಹಾಡನ್ನು ಸೂಸುವ ಹಾಗೆ ಅದು ಕರೆಂಟನ್ನು ಸೂಸುತ್ತದೆ. ಕಂಬಕ್ಕೆ ಎಲ್ಲಿಂದ ಬರುತ್ತದೆ ಎಂದು ಯಾರೂ ಕೇಳಿಲ್ಲ, ಹಸುವನ್ನು ಹಾಲು ಎಲ್ಲಿಂದ ತಂದೆ ಎಂದು ಕೇಳುವುದಿಲ್ಲವಲ್ಲ. ಆದರೆ ಕಂಬ ಕೈ ಬಿಗಿಯಾದ ಯಜಮಾನ. ಹನಿ ಹನಿಯಾಗಿ ಕೊಡುತ್ತದೆ, ದೂರ ಹೋದಷ್ಟೂ ಕಡಿಮೆ ಕೊಡುತ್ತದೆ, ನಡುವೆ ನೀರಿನ ಕೊಡವೋ ಮನುಷ್ಯನ ಮೈಯೋ ಬಂದರೆ ಅದನ್ನೂ ಕೊಡುವುದಿಲ್ಲ. ಫ್ಯಾನು, ಮಿಕ್ಸಿ ಅದರ ಹತ್ತಿರ ನಡೆಯುವುದಿಲ್ಲ. ಗೋಡೆ ಗಡಿಯಾರ, ಪುಟ್ಟ ರೇಡಿಯೋ, ಅಜ್ಜಿಯರ ಬ್ಯಾಟರಿ ದೀಪ, ಇಂಥ ಕಡಿಮೆ ಹೊಟ್ಟೆಯವು ಮಾತ್ರ ಬದುಕುತ್ತವೆ. ಅವನ್ನು ಕಂಬದ ದಿಕ್ಕಿನ ಜಗಲಿಯ ಮೇಲೆ ಸಾಲಾಗಿ ಇಡುತ್ತೇವೆ. ಮನೆಗೆ ಬಂದ ನೆಂಟರಿಗೆ ನಾವು ಹೇಳುವ ಮೊದಲ ಮಾತು, "ಬನ್ನಿ, ಕೂತ್ಕೊಳ್ಳಿ" ಎಂದಲ್ಲ. "ಚೂರು ಆಚೆ ಕೂತ್ಕೊಳ್ಳಿ, ಗಡಿಯಾರ ಉಣ್ತಾ ಐತೆ" ಎಂದು.

ಹೀಗೆ ಉಣ್ಣಬೇಕಾದರೆ ವಸ್ತುವಿಗೆ ನಾಲಿಗೆ ಇರಬೇಕು. ತೆಳ್ಳಗಿನ ತಾಮ್ರದ ಎಲೆ ಅದು, ಗೇಣಿಗಿಂತ ಚಿಕ್ಕದು. ಗಾಳಿಯಲ್ಲಿ ಬಂದ ಹನಿಯನ್ನು ನೆಕ್ಕಿ ಸೆಲ್ಲಿಗೆ ಇಳಿಸುವುದು ಅದರ ಕೆಲಸ. ಹೊರಗಿನಿಂದ ಬರುವ ಸಾಮಾನಿಗೆ ನಾಲಿಗೆ ಇರುವುದಿಲ್ಲ, ಬಾಲದ ಹಾಗೆ ವೈರು ಇರುತ್ತದೆ. ಆ ಬಾಲ ಕತ್ತರಿಸಿ, ಹೊಟ್ಟೆ ಬಿಚ್ಚಿ, ಒಳಗಿನ ಜೋಡಣೆಯನ್ನೇ ಹೊಸದಾಗಿ ಕೂಡಿಸಿ, ನಾಲಿಗೆಗೆ ಜಾಗ ಮಾಡಿಕೊಡುವ ಕಾರ್ಖಾನೆ ನನ್ನದು. ಏಳು ಅಂತಸ್ತು. ಮಳೆ ಬಂದರೆ ಆರು ಅಂತಸ್ತು ಕಾಣುವುದಿಲ್ಲ, ನಮ್ಮ ಮನೆಯ ಪಡಸಾಲೆ ಒಂದೇ ಕಾಣುತ್ತದೆ. ಅಲ್ಲಿ ನಾನು ಮತ್ತು ಜೈನಬಿ ಎದುರುಬದುರು ಕೂರುತ್ತೇವೆ. ಜೈನಬಿ ಬೆಸುಗೆ ಹಾಕುವವಳು. ಮೂಗಿನ ತುದಿಯಲ್ಲಿ ಕನ್ನಡಕ, ತುಟಿಯ ತುದಿಯಲ್ಲಿ ಕೊಂಕು. ನಾನು ಹತ್ತು ಮಾತಾಡಿದರೆ ಅವಳು ಒಂದು ಆಡುತ್ತಾಳೆ, ಆ ಒಂದರಲ್ಲಿ ನನ್ನ ಹತ್ತೂ ಮುಗಿದಿರುತ್ತವೆ.

ಚಳಿಗಾಲದ ಕೊನೆಯಲ್ಲಿ ಒಂದು ಬೆಳಿಗ್ಗೆ ಕುಂಬಾರ ಅಂಗಳದ ದ್ಯಾಮಕ್ಕ ನಮ್ಮ ಜಗಲಿ ಹತ್ತಿ ಬಂದಳು. ಅವಳ ಕೆಲಸ ಸದ್ದು ನೋಡುವುದು. ಆವಿಗೆಯಿಂದ ಸುಟ್ಟ ಮಡಕೆಗಳು ಹೊರಬಂದಾಗ ಒಂದೊಂದನ್ನೂ ಹುಣಸೆ ಕಡ್ಡಿಯಿಂದ ಬಡಿದು ಕೇಳುತ್ತಾಳೆ. ಟಣ್ ಎಂದರೆ ಬಲಕ್ಕೆ, ತಪ್ ಎಂದರೆ ಎಡಕ್ಕೆ. ಕಣ್ಣಿಗೆ ಕಾಣದ ಕೂದಲೆಳೆಯ ಬಿರುಕು ಅವಳ ಕಿವಿಗೆ ಕೇಳುತ್ತದೆ. ಕಡ್ಡಿ ಅವಳ ಅಜ್ಜಿಯದು, ಅಜ್ಜಿಯಿಂದ ಅಮ್ಮನಿಗೆ, ಅಮ್ಮನಿಂದ ಅವಳಿಗೆ.

"ಟೀ ಕುಡೀತೀಯಾ ದ್ಯಾಮಕ್ಕ?" ಎಂದೆ.

"ಬೀದಿ ಗುಡಿಸೌರೆ ಬಿಡು, ಬರೋವಾಗ ನೋಡ್ದೆ," ಎಂದಳು.

ಜೈನಬಿ ಕೆಂಡದಲ್ಲಿ ಕಾಯಿಸಿದ ಬೆಸುಗೆ ಕಡ್ಡಿ ಕೆಳಗಿಟ್ಟಳು. ನಾನು ನಗಬಾರದಾಗಿತ್ತು, ನಕ್ಕೆ. ದ್ಯಾಮಕ್ಕ ನಗಲಿಲ್ಲ. ಸೆರಗಿನಿಂದ ಕಡ್ಡಿ ತೆಗೆದು ಮೊಣಕಾಲ ಮೇಲೆ ಅಡ್ಡ ಇಟ್ಟುಕೊಂಡು ಕೂತಳು.

"ಕಿವಿ ಹೋಗ್ತಾ ಐತೆ ಕಣೋ ಮೂಗ. ಹೋದ ಆವಿಗೇಲಿ ಒಂದು ಸೀಳು ಹರವಿ ಬಲಕ್ಕೆ ಇಟ್ಟೆ. ನಾಮಕರಣದ ಮನೇಲಿ ಅದು ತೂತು ಬಿದ್ದು, ತೊಟ್ಲ ಕೆಳಗೆಲ್ಲ ನೀರು. ಆವಿಗೆ ಯಜಮಾನ ಭರಮಣ್ಣ ಬೈಲಿಲ್ಲ. ಬೈದಿದ್ರೆ ಚೆನ್ನಾಗಿತ್ತು. 'ಬೇಸಿಗೆ ಆವಿಗೆ ನೋಡಾನ ದ್ಯಾಮಕ್ಕ, ಇನ್ನೊಂದು ತಪ್ಪಾದ್ರೆ ಕಡ್ಡಿ ನಮ್ಮ ಸೊಸೆ ಕೈಗೆ ಕೊಟ್ಟು ಆರಾಮಾಗಿರು' ಅಂದ. ಆರಾಮಾಗಿ ಇದ್ದು ಏನ್ ಮಾಡ್ಲಿ? ಈ ಕಡ್ಡಿ ಹೋದ್ರೆ ನಾನು ಬರೀ ಮುದುಕಿ."

ಹೊರಗಿನಿಂದ ತರಿಸಿದ ಒಂದು ಕಿವಿಯಂತ್ರ ಅವಳ ಹತ್ತಿರ ಇತ್ತು. ಅದರ ಸೆಲ್ಲು ತೊಗರಿ ಬೇಳೆಯಷ್ಟು. ವಾರಕ್ಕೊಮ್ಮೆ ಬದಲಿಸಬೇಕು. ಜೇಡಿಮಣ್ಣು ಮಿದ್ದು ಮಿದ್ದು ದ್ಯಾಮಕ್ಕನ ಬೆರಳ ತುದಿಗಳು ಮರದ ತುಂಡಾಗಿದ್ದವು, ಬೇಳೆಯಷ್ಟು ಸೆಲ್ಲು ಅವಳ ಹಿಡಿತಕ್ಕೆ ಸಿಗುತ್ತಿರಲಿಲ್ಲ. ಎರಡು ಸೆಲ್ಲು ಬೂದಿಯಲ್ಲಿ ಕಳೆದಿತ್ತು, ಒಂದನ್ನು ಕೋಳಿ ನುಂಗಿತ್ತು. ಬಿಚ್ಚದೆ, ಬದಲಿಸದೆ, ತಾನೇ ಉಂಡು ತಾನೇ ನಡೆಯುವ ಕಿವಿ ಅವಳಿಗೆ ಬೇಕಿತ್ತು.

"ಇಷ್ಟೇನಾ?" ಎಂದು ಕೂಗಿದೆ. "ನಿನ್ನ ಮರಿಮಗಳ ಮರಿಮಗಳು ಈ ಕಡ್ಡಿ ಹಿಡಿಯೋವರೆಗೂ ನಡೆಯೋ ಕಿವಿ ಮಾಡ್ಕೊಡ್ತೀನಿ. ಗುಡ್ಡದಾಚೆ ಇರುವೆ ಕೆಮ್ಮಿದ್ರೂ ನಿಂಗೆ ಕೇಳ್ಬೇಕು!"

"ಮಡಕೆ ಕೇಳಿದ್ರೆ ಸಾಕು," ಎಂದಳು. ಅದೊಂದು ಮಾತ್ರ ಅವಳಿಗೆ ಸರಿಯಾಗಿ ಕೇಳಿಸಿತ್ತು.

ಹದಿನೈದು ದಿನದಲ್ಲಿ ಯಂತ್ರ ಸಿದ್ಧವಾಯಿತು. ಉಗುರಿನಷ್ಟು ನಾಲಿಗೆ, ಅದನ್ನು ಎಲೆಯಡಿಕೆ ಮಡಿಸಿದ ಹಾಗೆ ಮಡಿಸಿ, ಕಿವಿಯ ಹಿಂದಿನ ಬಾಗಿಗೆ ಕೂಡಿಸಿದ್ದಾಗಿತ್ತು. ಮೇಜಿನ ಮೇಲಿಟ್ಟರೆ ಮೀಟರಿನ ಮುಳ್ಳು ಮೆಲ್ಲಗೆ ಎದ್ದು ನಿಂತಿತು. ದಿನವಿಡೀ ಕೇಳಲು ಬೇಕಾದಷ್ಟನ್ನು ಅದು ಅರ್ಧ ದಿನದಲ್ಲಿ ಉಣ್ಣುತ್ತಿತ್ತು. ಉಳಿದದ್ದು ಹೊರಗಿನ ಚಿಪ್ಪು. ಜೈನಬಿ ಎಮ್ಮೆ ಕೊಂಬಿನದು ಎಂದಳು. ಕೊಂಬಿನ ಮೇಲೆ ಹೆಸರು ಕೆತ್ತಿದರೆ ಕಾಣುತ್ತದೆಯೇ? ನಾನು ಹಿತ್ತಾಳೆಯದು ಮಾಡಿದೆ. ಬಂಗಾರದ ಹಾಗೆ ಹೊಳೆಯುವಂತೆ ಉಜ್ಜಿ, ನಡುವೆ 'ಮೂಗಪ್ಪ' ಎಂದು ಕೊರೆದೆ. ಪಕ್ಕದಲ್ಲಿ ಒಂದು ಪುಟ್ಟ ಮಿಂಚು.

"ಮುಚ್ಚಿದ ಮೇಲೆ ಮೀಟರು ಇಟ್ಟು ನೋಡಿದ್ಯಾ ಮೂಗಣ್ಣ?" ಎಂದು ಜೈನಬಿ ಕೇಳಿದಳು.

"ನೋಡ್ದೆ, ನೋಡ್ದೆ. ಮುಳ್ಳು ಎದ್ದು ಕುಣೀತು," ಎಂದೆ. ನೋಡಿರಲಿಲ್ಲ. ಆ ಹೊತ್ತಿಗಾಗಲೇ ನಾನು ಸಂತೆಯಲ್ಲಿ ಸುದ್ದಿ ಹೇಳಿ ಬಂದಿದ್ದೆ.

ದ್ಯಾಮಕ್ಕ ಅದನ್ನು ಕಿವಿಗೆ ಏರಿಸಿಕೊಂಡ ದಿನ ಮೊದಲು ಕೇಳಿದ್ದು ನನ್ನ ದನಿ. ನಾನು ಮಿಂಚಿನ ಕತೆ ಹೇಳುತ್ತಿದ್ದೆ. ಅವಳು ಪೂರ್ತಿ ಕೇಳಿದಳು. ಅಷ್ಟು ಹೊತ್ತು ನನ್ನ ಮಾತನ್ನು ಯಾರೂ ಹಾಗೆ ಕೇಳಿರಲಿಲ್ಲ. ಕಣ್ಣೊರೆಸಿಕೊಂಡು, "ಎಷ್ಟು ಸುಳ್ಳು ಹೇಳ್ತೀಯೋ, ಎಷ್ಟು ಚೆನ್ನಾಗಿ ಕೇಳ್ತೈತೆ," ಎಂದಳು.

ನಾಲ್ಕನೆಯ ದಿನ ವಾಪಸು ಬಂದಳು. ಯಂತ್ರ ಮಲಗಿತ್ತು.

ಒಳಗೆ ಒಯ್ದು ಬಿಚ್ಚಿದೆ. ಸೆಲ್ಲು ಒಣಗಿದ ಬಾವಿಯ ಹಾಗೆ ಖಾಲಿ. ಮುಚ್ಚಳ ತೆಗೆದು ಮೀಟರು ಹಿಡಿದರೆ ಮುಳ್ಳು ಎದ್ದಿತು. ಮುಚ್ಚಳ ಹಾಕಿದರೆ ಬಿತ್ತು. ತೆಗೆದೆ, ಎದ್ದಿತು. ಹಾಕಿದೆ, ಬಿತ್ತು. ಹಿತ್ತಾಳೆ ದಾಟಿ ಒಂದು ಹನಿಯೂ ಒಳಗೆ ಬರುತ್ತಿರಲಿಲ್ಲ. ನಾಲಿಗೆ ಕೊಟ್ಟು ಬಾಯಿ ಹೊಲಿದಿದ್ದೆ. ಆಗಲೇ ಹೊರಗೆ ಬಂದು ಒಂದು ಮಾತು ಹೇಳಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಸಂತೆಯಲ್ಲಿ ಕೇಳಿದವರು ಎಂಟು ಜನ ಅದೇ ಬೆಳಿಗ್ಗೆ ಬಂದು ಜಗಲಿಯ ಮೇಲೆ ಕೂತಿದ್ದರು, ತಮಗೂ ಹಿತ್ತಾಳೆಯದೇ ಬೇಕು ಎಂದು.

ಮೇಜಿನ ಮೇಲೆ ಉಂಡು ತುಂಬಿದ್ದ ಬೇರೆ ಸೆಲ್ಲನ್ನು ಹಾಕಿ, ಮುಚ್ಚಿ ತಂದು ಕೊಟ್ಟೆ. "ಏನೂ ಆಗಿಲ್ಲ ದ್ಯಾಮಕ್ಕ. ಇವತ್ತು ಸೋಮವಾರ. ಜಾತಿ ಯಂತ್ರಗಳು ಸೋಮವಾರ ಉಪವಾಸ ಮಾಡ್ತವೆ. ನಾಲ್ಕು ದಿನಕ್ಕೊಂದು ಸಲ ತಂದು ತೋರಿಸು, ದೃಷ್ಟಿ ತೆಗೆದು ಕೊಡ್ತೀನಿ."

ಅಲ್ಲಿಂದ ನಾಲ್ಕು ದಿನಕ್ಕೊಮ್ಮೆ ದೃಷ್ಟಿ ತೆಗೆಯುವ ಕೆಲಸ ಶುರುವಾಯಿತು. ಒಳಕೋಣೆಗೆ ಹೋಗಿ, ಕೆಂಡದ ಮೇಲೆ ಉಪ್ಪು ಮೆಣಸಿನಕಾಯಿ ಹಾಕಿ, ಆ ಘಾಟಿನಲ್ಲಿ ಕಣ್ಣೀರು ಸುರಿಸುತ್ತ ಸೆಲ್ಲು ಬದಲಿಸುತ್ತಿದ್ದೆ. ದ್ಯಾಮಕ್ಕ ಬಾಯಿ ಬಿಡದೆ ಕೂತು ಕಾಯುತ್ತಿದ್ದಳು, ಟೀ ಕುಡಿದು ಹೋಗುತ್ತಿದ್ದಳು. ಕೊಂಬಿನ ಚಿಪ್ಪು ಮಾಡಿ ಸದ್ದಿಲ್ಲದೆ ಬದಲಿಸೋಣ ಎಂದು ಪ್ರತಿ ಸಲ ಅಂದುಕೊಂಡೆ. ಹೊರಗೆ ಬಂದರೆ ಇನ್ನಿಬ್ಬರು ಕೂತಿರುತ್ತಿದ್ದರು. ಎಂಟು ಹನ್ನೆರಡಾಯಿತು, ಹನ್ನೆರಡು ಇಪ್ಪತ್ತೆರಡಾಯಿತು. ಇದರಲ್ಲಿ ಉತ್ಪ್ರೇಕ್ಷೆ ಇಲ್ಲ, ಇಪ್ಪತ್ತೆರಡೇ. ಘಟ ನುಡಿಸುವ ಸೊಸೆಯ ಮಾವನೂ ಒಬ್ಬ; ಸೊಸೆಯ ಘಟವನ್ನು ಒಮ್ಮೆಯೂ ಕೇಳಿಲ್ಲ ಎಂದು ಬಂದಿದ್ದ.

ಒಂದು ದಿನ ದ್ಯಾಮಕ್ಕ ಹೋದ ಮೇಲೆ ಜೈನಬಿ ನಾನು ಹೊರತೆಗೆದಿದ್ದ ಸೆಲ್ಲನ್ನು ಮೀಟರಿಗೆ ಹಿಡಿದಳು. "ಮೂಗಣ್ಣ, ಇದು ತುಂಬಿ ತುಳುಕ್ತಾ ಐತಲ್ಲ. ಯಾಕೆ ಬದಲಿಸ್ದೆ?"

ನೋಡಿದೆ. ನಿಜವಾಗಿಯೂ ತುಂಬಿತ್ತು. ಮುಂದಿನ ಸಲದ್ದೂ ತುಂಬಿತ್ತು, ಅದರ ಮುಂದಿನದೂ. ನನ್ನಂಥವನಿಗೆ ಎಷ್ಟು ಬೇಕು? ಹಿತ್ತಾಳೆಯೇ ಸೋತು ದಾರಿ ಬಿಟ್ಟಿದೆ ಎಂದು ನಂಬಿಬಿಟ್ಟೆ. "ಹಿತ್ತಾಳೆಗೆ ಕುಡಿಯೋಕೆ ಕಲಿಸಿದೀನಿ ಜೈನಬಿ! ಪ್ರಪಂಚದಲ್ಲಿ ನಾನೊಬ್ಬನೇ!" ಎಂದೆ. ಅವಳು ಕನ್ನಡಕದ ಮೇಲಿಂದ ನನ್ನನ್ನು ಬಹಳ ಹೊತ್ತು ನೋಡಿ, ಮತ್ತೆ ಬೆಸುಗೆಗೆ ಬಗ್ಗಿದಳು. ಒಂದನ್ನಾದರೂ ಮುಚ್ಚಿ ಮೀಟರು ಹಿಡಿದು ನೋಡಬಹುದಿತ್ತು. ಯಾಕೆ ನೋಡಲಿಲ್ಲ ಎಂದು ಕೇಳಬೇಡಿ. ಮುಳ್ಳು ಏಳದಿದ್ದರೆ ಎಂಬ ಭಯ ನನಗೂ ಇತ್ತು. ಇಪ್ಪತ್ತೆರಡನ್ನೂ ಹಿತ್ತಾಳೆಯಲ್ಲೇ ಮುಚ್ಚಿದೆ. ಬೇಸಿಗೆಯ ದೊಡ್ಡ ಆವಿಗೆ ಬಿಚ್ಚುವ ಬೆಳಿಗ್ಗೆ ಊರೆಲ್ಲ ಅಂಗಳದಲ್ಲಿ ಸೇರುತ್ತದೆ. ಅಲ್ಲೇ ಹಂಚುತ್ತೇನೆ ಎಂದು ಸಾರಿದೆ.

ಆ ಬೆಳಿಗ್ಗೆ ಅಂಗಳದಲ್ಲಿ ಬಿಸಿ ಬೂದಿಯ ವಾಸನೆ. ಮಡಕೆ, ಗಡಿಗೆ, ಹರವಿಗಳು ಕೈಯಿಂದ ಕೈಗೆ ದಾಟಿ ದ್ಯಾಮಕ್ಕನ ಮುಂದೆ ಬರುತ್ತಿದ್ದವು. ಅವಳು ಹಲಗೆಯ ಮೇಲೆ ಕೂತು, ತಲೆ ಚೂರು ಓರೆ ಮಾಡಿ ಬಡಿಯುತ್ತಿದ್ದಳು. ಟಣ್. ಟಣ್. ಟಣ್. ಭರಮಣ್ಣನ ಸೊಸೆ ಪಕ್ಕದಲ್ಲೇ ನಿಂತಿದ್ದಳು, ಪಾಪ, ಕೈ ಹಿಂದೆ ಕಟ್ಟಿಕೊಂಡು. ನೂರಾರು ಆದ ಮೇಲೆ ಒಂದು ದೊಡ್ಡ ಹರವಿ ಬಂತು. ತುಂಬು ಬಸುರಿಯ ಹೊಟ್ಟೆಯ ಹಾಗೆ ನುಣ್ಣಗಿತ್ತು. ದ್ಯಾಮಕ್ಕ ಬಡಿದಳು. ಮತ್ತೊಮ್ಮೆ ಬಡಿದಳು. ಎಡಕ್ಕೆ ತೋರಿಸಿದಳು.

"ಚೆನ್ನಾಗೈತಲ್ಲ ದ್ಯಾಮಕ್ಕ," ಎಂದ ಭರಮಣ್ಣ.

"ನೀರು ಹಾಕು."

ಹಾಕಿದರು. ಏನೂ ಆಗಲಿಲ್ಲ. ಜನ ಗುಸುಗುಸು ಎಂದರು. ಆಮೇಲೆ ಹರವಿಯ ತಳದಲ್ಲಿ, ಸೂಜಿಯ ಮೊನೆಯಷ್ಟು ಜಾಗದಲ್ಲಿ, ಬಣ್ಣ ಕಪ್ಪಾಯಿತು. ಕಪ್ಪು ಹನಿಯಾಯಿತು. ಹನಿ ನೆಲಕ್ಕೆ ಬಿತ್ತು. ಭರಮಣ್ಣ ಎರಡೂ ಕೈ ಜೋಡಿಸಿದ. ಅವನ ಸೊಸೆ ನಿರಾಳವಾಗಿ ಉಸಿರು ಬಿಟ್ಟದ್ದು ನನಗೇ ಕೇಳಿಸಿತು.

ಇದಕ್ಕಿಂತ ಒಳ್ಳೆ ಹೊತ್ತು ಯಾವುದಿದೆ? ಬೋರಲು ಹಾಕಿದ ಗಡಿಗೆಯೊಂದರ ಮೇಲೆ ಹತ್ತಿ ನಿಂತೆ. ಪೆಟ್ಟಿಗೆ ತೆರೆದೆ. ಇಪ್ಪತ್ತೆರಡು ಹಿತ್ತಾಳೆ ಕಿವಿಗಳು ಬಿಸಿಲಿಗೆ ಝಗ್ ಎಂದವು. "ನೋಡಿದ್ರಾ! ಕೇಳಿದ್ದು ದ್ಯಾಮಕ್ಕ ಇರಬಹುದು, ಕೇಳ್ಸಿದ್ದು ಯಾರು? ಹಿತ್ತಾಳೆಗೆ ಗಾಳಿ ಕುಡಿಯೋಕೆ ಕಲಿಸಿದವನು ಯಾರು?"

"ಲೋ ಮೂಗ," ಎಂದಳು ದ್ಯಾಮಕ್ಕ. "ಇಳಿ ಕೆಳಗೆ. ಗಡಿಗೆ ಒಡೀತೀಯ."

ಇಳಿದೆ. ಅವಳು ಪೆಟ್ಟಿಗೆಯಿಂದ ಒಂದು ಕಿವಿ ಎತ್ತಿ ಅಂಗೈಯಲ್ಲಿಟ್ಟು, ಹುಣಸೆ ಕಡ್ಡಿಯಿಂದ ತಟ್ಟಿದಳು. ಆಮೇಲೆ ತನ್ನ ಕಿವಿಯಿಂದ ಯಂತ್ರ ತೆಗೆದು ನನ್ನ ಕಣ್ಣ ಮುಂದೆ ಹಿಡಿದಳು. ಹಿತ್ತಾಳೆ ಇರಲಿಲ್ಲ. ಅದರ ಜಾಗದಲ್ಲಿ ಮಣ್ಣಿನ ಚಿಪ್ಪು. ಕಡಲೆ ಸಿಪ್ಪೆಯಷ್ಟು ತೆಳು, ಕೆಂಪಗೆ ಹದವಾಗಿ ಸುಟ್ಟದ್ದು. ಎಲೆಯಡಿಕೆ ಚೀಲದಿಂದ ನನ್ನ ಹೆಸರಿದ್ದ ಮುಚ್ಚಳ ತೆಗೆದು ಪಕ್ಕದಲ್ಲಿಟ್ಟಳು.

ಯಂತ್ರವನ್ನು ಮತ್ತೆ ಕಿವಿಗೆ ಸಿಕ್ಕಿಸಿಕೊಂಡು, ತಗ್ಗಿದ ದನಿಯಲ್ಲಿ ಹೇಳಿದಳು. "ಒಂದಿನ ಹಸಿಮಣ್ಣಿಗೆ ಬಿತ್ತು. ಮುಚ್ಚಳ ಬಿಚ್ಚಿ ಜಗಲಿ ಮೇಲೆ ಒಣಗೋಕೆ ಇಟ್ಟು ಮರೆತೆ. ಸಂಜೆಗೆ ಹೊಟ್ಟೆ ತುಂಬಿಸ್ಕೊಂಡು ಕೂತಿತ್ತು. ಬಾಯಿ ಮುಚ್ಚಿ ಊಟಕ್ಕೆ ಕೂರಿಸಿದ್ರೆ ಯಾರು ಉಣ್ತಾರೋ? ನಾನೇ ಮಣ್ಣಲ್ಲಿ ಒಂದು ಮಾಡ್ಕೊಂಡೆ. ನಿನ್ನ ಹತ್ರ ಬರೋವಾಗ ಮಾತ್ರ ಈ ಹಿತ್ತಾಳೆ ಹಾಕ್ಕೊಂಡು ಬರ್ತಿದ್ದೆ. ನೀನಾಗೇ ಹೇಳ್ತೀಯ ಅಂತ. ಹದಿನಾಲ್ಕು ಸಲ ಬಂದೆ, ಮೆಣಸಿನಕಾಯಿ ಘಾಟು ಕುಡ್ಕೊಂಡು."

ನನ್ನ ಬಾಯಲ್ಲಿ ಮಾತಿರಲಿಲ್ಲ. ಹೆಸರಿಟ್ಟವರು ಅವತ್ತು ನೋಡಬೇಕಿತ್ತು.

"ಊರಿಗೆ ಮೊದಲಿಂದಾನೂ ಹಿತ್ತಾಳೆ ಕಿವಿ ಕಣೋ, ನೀನು ಏನು ಹೇಳಿದ್ರೂ ನಂಬ್ತಾರೆ," ಎಂದಳು. "ಈ ಇಪ್ಪತ್ತೆರಡು ಜನ ಮನೆಗೆ ಹೋಗಿ ನಾಲ್ಕು ದಿನಕ್ಕೆ ಮತ್ತೆ ಕಿವುಡಾಗ್ತಾರೆ. ಒಂದ್ಸಲ ಕೇಳಿಸಿ ಆಮೇಲೆ ಹೋಗೋದು ಹೆಂಗಿರ್ತೈತೆ ಅಂತ ನಂಗೊತ್ತು. ನೀನು ಹೇಳ್ತೀಯೋ, ನಾನು ಹೇಳ್ಲೋ?"

ಘಟದ ಸೊಸೆಯ ಮಾವ ಮುಂದಿನ ಸಾಲಿನಲ್ಲೇ ನಿಂತು, ಕಿವಿಗೆ ಕೈ ಅಡ್ಡ ಹಿಡಿದು ನಮ್ಮಿಬ್ಬರ ತುಟಿ ನೋಡುತ್ತಿದ್ದ.

ಊರ ಕಡೆ ತಿರುಗಿದೆ. "ಈ ಹಿತ್ತಾಳೆ... ಈ ಸಲ ಬಂದ ಹಿತ್ತಾಳೆ ಸರಿಯಿಲ್ಲ," ಎಂದೆ.

ದ್ಯಾಮಕ್ಕ ಹಲಗೆಯನ್ನು ಕಡ್ಡಿಯಿಂದ ತಟ್ಟಿದಳು. "ತಪ್."

"ಹಿತ್ತಾಳೆ ಸರಿಯಿದೆ," ಎಂದೆ. "ಹಿತ್ತಾಳೆ ಮುಚ್ಚಿದ್ರೆ ನಾಲಿಗೆ ಉಣ್ಣಲ್ಲ. ಅದು ನನಗೆ ನಾಲ್ಕನೇ ದಿನವೇ ಗೊತ್ತಾಗಿತ್ತು. ದೃಷ್ಟಿ ತೆಗೆದದ್ದು ಸುಳ್ಳು, ಸೆಲ್ಲು ಬದಲಿಸ್ತಿದ್ದೆ. ಹೆಸರು ಹೊಳೀಲಿ ಅಂತ ಹಿತ್ತಾಳೆ ಹಾಕಿದ್ದು. ಇವನ್ನ ಇವತ್ತು ಯಾರೂ ತಗೊಂಡು ಹೋಗಬೇಡಿ. ದ್ಯಾಮಕ್ಕ ಮನಸ್ಸು ಮಾಡಿದ್ರೆ ಎಲ್ಲಕ್ಕೂ ಮಣ್ಣಿನ ಚಿಪ್ಪು ಹಾಕಿಸಿ ಕೊಡ್ತೀನಿ."

ಜನ ನಗುತ್ತಾರೆ, ಕಲ್ಲೆಸೆಯುತ್ತಾರೆ ಎಂದುಕೊಂಡಿದ್ದೆ. ಎಲ್ಲರೂ ಪೆಟ್ಟಿಗೆಯತ್ತ ನೋಡಿದರು. ಮಾವ ಮಾತ್ರ ಪಕ್ಕದವನನ್ನು "ಏನಂದ, ಏನಂದ?" ಎಂದು ಕೇಳುತ್ತಿದ್ದ.

ದ್ಯಾಮಕ್ಕ ಮತ್ತೆ ಹಲಗೆ ತಟ್ಟಿ ತಲೆ ಓರೆ ಮಾಡಿದಳು. "ಇನ್ನೂ ಎಲ್ಲೋ ಕೂದಲೆಳೆ ಐತೆ."

ಎಲ್ಲಿದೆ ಎಂದು ನನಗೆ ಗೊತ್ತಿತ್ತು. ಗುಂಪಿನ ಹಿಂದೆ, ಆವಿಗೆಯ ಗೋಡೆಗೆ ಒರಗಿ, ಬೆಸುಗೆಯ ಕಲೆಗಳ ಸೆರಗು ಸುತ್ತಿಕೊಂಡು ಅದು ನಿಂತಿತ್ತು.

"ನಾಲಿಗೆ ನನ್ನದಲ್ಲ," ಎಂದೆ. "ಅದನ್ನ ಉಗುರಿನಷ್ಟು ಮಾಡಿ ಮಡಿಸಿದ್ದು, ಕಿವಿಯ ಬಾಗಿಗೆ ಕೂಡಿಸಿದ್ದು, ಅರ್ಧ ದಿನಕ್ಕೆ ಹೊಟ್ಟೆ ತುಂಬೋ ಹಾಗೆ ಮಾಡಿದ್ದು ಜೈನಬಿ. ಈ ಯಂತ್ರ ಮಾತ್ರ ಅಲ್ಲ. ನಮ್ಮೂರ ಗಡಿಯಾರ, ರೇಡಿಯೋ, ಎಲ್ಲದರ ನಾಲಿಗೆಯೂ ಅವಳದೇ. ಈ ಕಿವೀಲಿ ನನ್ನದು ಅಂತ ಇದ್ದದ್ದು ಹಿತ್ತಾಳೆ ಒಂದೇ."

ದ್ಯಾಮಕ್ಕ ಹಲಗೆ ತಟ್ಟಲಿಲ್ಲ. ಕಡ್ಡಿಯ ತುದಿಯನ್ನು ನನ್ನ ಹಣೆಗೆ ಮೆಲ್ಲಗೆ ಮುಟ್ಟಿಸಿ, ಕಿವಿಗೊಟ್ಟು, ನನ್ನನ್ನು ಭುಜ ಹಿಡಿದು ಬಲಕ್ಕೆ ಸರಿಸಿದಳು. ಒಳ್ಳೆ ಮಡಕೆಗಳ ಪಕ್ಕಕ್ಕೆ.

"ಹಂಗಾದ್ರೆ ಆ ಮಿಂಚು?" ಎಂದು ಯಾರೋ ಕೂಗಿದರು.

ಮಿಂಚು ಬಂದದ್ದು ನಿಜ. ಗುಡುಗೂ ಬಂದಿತ್ತು, ಹೆಂಚು ಹಾರುವಷ್ಟು. ಆ ಮಧ್ಯಾಹ್ನ ಸೋರುವ ಪಡಸಾಲೆಯಲ್ಲಿ ಒಬ್ಬಳೇ ನಿಂತು, ಮೊದಲ ನಾಲಿಗೆಯನ್ನು ಕೈಯಲ್ಲಿ ಹಿಡಿದು, ಮೀಟರಿನ ಮುಳ್ಳು ಏಳುವುದನ್ನು ನೋಡಿದವಳು ಜೈನಬಿ. ನಾನು ಒಳಕೋಣೆಯ ಮಂಚದ ಕೆಳಗಿದ್ದೆ. ಅದನ್ನೂ ಹೇಳಿದೆ.

"ಬರೀ ಮಂಚದ ಕೆಳಗಲ್ಲ ಮೂಗಣ್ಣ," ಎಂದಳು ಜೈನಬಿ, ಹಿಂದಿನಿಂದ. "ಮಂಚದ ಕೆಳಗೆ, ಹಿಟ್ಟಿನ ಡಬ್ಬದ ಹಿಂದೆ."

ಹೌದು. ಹಿಟ್ಟಿನ ಡಬ್ಬದ ಹಿಂದೆ.